ಬೀಜಕ್ಕೆ ಸುದ್ದಿ, ಸಸಿಗೆ ಊಟ: ದೀಪದ ಬೆಳಕು ಮಾಡುವ ಎರಡು ಕೆಲಸ

ದೀಪದ ಬೆಳಕಿನಲ್ಲಿ ಬೀಜ ಮೊಳೆತು ಸಸಿಯಾಗುವ ಈ ಪಾಠ ಓದುವಾಗ ಹೆಚ್ಚಿನವರಿಗೆ ಗೊಂದಲ ಆಗುವುದು ಒಂದೇ ಕಡೆ. ದ್ಯುತಿಸಂಶ್ಲೇಷಣೆಯ ಅಧ್ಯಾಯ ಆಗಲೇ ಮುಗಿದಿರುತ್ತದೆ, ಹಾಗಾಗಿ ಬೆಳಕು ಅಂದರೆ ಗಿಡದ ಊಟ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಎಳೆ ಗಿಡಕ್ಕೆ ಬೆಳಕು ಊಟವೂ ಹೌದು, ಸುದ್ದಿಯೂ ಹೌದು. ಸುದ್ದಿ ಮುಟ್ಟಿಸಲು ಒಂದು ನಿಮಿಷದ ಬೆಳಕು ಸಾಕಾಗಬಹುದು. ಊಟಕ್ಕೆ ಗಂಟೆಗಟ್ಟಲೆ ಜೋರು ಬೆಳಕು ಬೇಕು. ದೀಪದ ಕೆಳಗೆ ಬೀಜ, ಸಸಿ ಬೆಳೆಸುವ ಬಗ್ಗೆ ಯಾವ ಪ್ರಶ್ನೆ ಬಂದರೂ, ಇಲ್ಲಿ ಬೆಳಕು ಇವೆರಡರಲ್ಲಿ ಯಾವ ಕೆಲಸ ಮಾಡುತ್ತಿದೆ ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬೀಜದಿಂದ ಶುರು ಮಾಡೋಣ

ಮೊಳಕೆಯೊಡೆಯುವ ಬೀಜಕ್ಕೆ ಬೆಳಕಿನ ಊಟ ಬೇಕಿಲ್ಲ. ಬುತ್ತಿ ಅದರೊಳಗೇ ಇರುತ್ತದೆ. ಜೋಳ, ಭತ್ತ, ಹುರುಳಿ, ಅವರೆ ಇವೆಲ್ಲ ಮಣ್ಣಿನ ಕತ್ತಲೆಯಲ್ಲೇ ಚೆನ್ನಾಗಿ ಹುಟ್ಟುತ್ತವೆ. ಆದರೆ ಲೆಟ್ಯೂಸ್, ಸೆಲರಿ, ತಂಬಾಕು, ಪೆಟೂನಿಯಾ ಥರದ ಸಣ್ಣ ಬೀಜಗಳಲ್ಲಿ ಹಲವು ತಳಿಗಳು ನೀರು ಕುಡಿದು ಉಬ್ಬಿದ ಮೇಲೂ ಬೆಳಕಿಗಾಗಿ ಕಾಯುತ್ತವೆ. ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಗ್ರಾಂ ತಂಬಾಕಿನಲ್ಲಿ 10 ಸಾವಿರಕ್ಕೂ ಜಾಸ್ತಿ ಬೀಜ ಇರುತ್ತವೆ. ಅಷ್ಟು ಚಿಕ್ಕ ಬೀಜ ಎರಡು ಇಂಚು ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಬುತ್ತಿ ಖಾಲಿ. ಬೆಳಕು ಮಣ್ಣಿನೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಹಾಗಾಗಿ ಬೆಳಕು ತಾಗಿತು ಅಂದರೆ ಮೇಲ್ಮೈ ಹತ್ತಿರವೇ ಇದೆ ಅಂತ ಅರ್ಥ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಸಸಿಮಡಿ ನೋಡಿದವರಿಗೆ ಗೊತ್ತಿರುತ್ತದೆ, ಅಲ್ಲಿ ಬೀಜವನ್ನು ಮಡಿಯ ಮೇಲೆ ಚೆಲ್ಲುತ್ತಾರೆ, ಆಳಕ್ಕೆ ಹೂಳುವುದಿಲ್ಲ.

ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ತೋರಿಸಿಕೊಟ್ಟ ಪ್ರಯೋಗ ನನಗಂತೂ ಇಡೀ ಸಸ್ಯಶಾಸ್ತ್ರದಲ್ಲೇ ಬಲು ಇಷ್ಟ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನಲ್ಲಿ ಅಲ್ಲಿನ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಅವರ ಜೊತೆಗಾರರು 1952ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಅನ್ನುವ ಲೆಟ್ಯೂಸ್ ತಳಿಯ ಬೀಜ ತೆಗೆದುಕೊಂಡರು. ಕತ್ತಲಲ್ಲಿ ನೆನೆಸಿದ ಬೀಜಕ್ಕೆ ಒಂದು ನಿಮಿಷ ಕೆಂಪು ಬೆಳಕು ಕೊಟ್ಟರು. ನೂರಕ್ಕೆ ಸುಮಾರು 70 ಬೀಜ ಮೊಳೆತವು. ಕೆಂಪಿನ ಹಿಂದೆಯೇ ನಾಲ್ಕು ನಿಮಿಷ ದೂರಗೆಂಪು (ಕೆಂಪಿನ ಆಚೆಯ, ಕಣ್ಣಿಗೆ ಅಷ್ಟಾಗಿ ಕಾಣದ) ಬೆಳಕು ಕೊಟ್ಟಾಗ ಮೊಳೆತದ್ದು 6 ಮಾತ್ರ. ಮತ್ತೆ ಕೆಂಪು ಕೊಟ್ಟರೆ ಪುನಃ 70ರ ಮೇಲೆ. ಹೀಗೆ ಎಷ್ಟು ಸಲ ಬದಲಿಸಿದರೂ ಬೀಜ ಕೇಳಿದ್ದು ಕೊನೆಯ ಬೆಳಕಿನ ಮಾತನ್ನು.

ಕೆಂಪು ಅಂದರೆ ಇಲ್ಲಿ ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಬೆಳಕು, ದೂರಗೆಂಪು ಅಂದರೆ ಸುಮಾರು 730. ಒಂದೇ ವರ್ಣದ್ರವ್ಯ ಎರಡು ರೂಪ ತಾಳುತ್ತಿರಬೇಕು ಅಂತ ಅವರು ಊಹಿಸಿದರು. ಕೆಂಪು ಬಿದ್ದರೆ ಅದು ಚುರುಕಿನ ರೂಪಕ್ಕೆ ತಿರುಗುತ್ತದೆ, ದೂರಗೆಂಪು ಬಿದ್ದರೆ ಸುಮ್ಮನಿರುವ ರೂಪಕ್ಕೆ ಮರಳುತ್ತದೆ. 1959ರಲ್ಲಿ ಅದೇ ಬೆಲ್ಟ್ಸ್‌ವಿಲ್‌ನಲ್ಲಿ ಅದನ್ನು ಉಪಕರಣದಲ್ಲಿ ಅಳೆದೇಬಿಟ್ಟರು. ಅಳೆಯಲು ಆರಿಸಿಕೊಂಡದ್ದು ಕತ್ತಲಲ್ಲಿ ಬೆಳೆದ ಮೆಕ್ಕೆಜೋಳದ ಮೊಳಕೆಗಳನ್ನು. ಯಾಕೆ ಗೊತ್ತಾ? ಹಸಿರು ಗಿಡದಲ್ಲಿ ಪತ್ರಹರಿತ್ತು ಕೆಂಪು ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಬೇರೆ ವರ್ಣದ್ರವ್ಯ ಕಣ್ಣಿಗೇ ಬೀಳುವುದಿಲ್ಲ. ಆ ವರ್ಣದ್ರವ್ಯವೇ ಫೈಟೋಕ್ರೋಮ್.

ಮೊಳಕೆ ತಲೆ ಎತ್ತಿದ ಮೇಲೆ

ಮನೆಯಲ್ಲೇ ನೋಡಬಹುದಾದ ಒಂದು ಸಂಗತಿ ಇದೆ. ಎರಡು ಲೋಟದಲ್ಲಿ ಹೆಸರುಕಾಳು ಬಿತ್ತಿ, ಒಂದನ್ನು ಕಿಟಕಿ ಹತ್ತಿರ ಇಡಿ, ಇನ್ನೊಂದನ್ನು ಬೆಳಕು ನುಸುಳದ ಡಬ್ಬಿಯಲ್ಲಿ ಮುಚ್ಚಿ. ವಾರ ಕಳೆದು ತೆಗೆದರೆ ಡಬ್ಬಿಯೊಳಗಿನ ಮೊಳಕೆ ಬಿಳಿಚಿಕೊಂಡು, ಉದ್ದಕ್ಕೆ, ದಾರದಂತೆ ಸೊರಗಿರುತ್ತದೆ. ಎಲೆಗಳು ಹಳದಿಯಾಗಿ ಮುದುಡಿರುತ್ತವೆ. ತುದಿ ಕೊಕ್ಕೆಯಂತೆ ಬಗ್ಗಿರುವುದನ್ನು ಗಮನಿಸಿ. ಎಳೆ ಕುಡಿ ಮಣ್ಣಿಗೆ ಉಜ್ಜಿ ಹಾಳಾಗದ ಹಾಗೆ ಕಾಪಾಡುವುದು ಆ ಕೊಕ್ಕೆಯೇ. ಆಮೇಲೆ ಬೆಳಕಿಗೆ ಇಟ್ಟರೆ ಕೊಕ್ಕೆ ನೆಟ್ಟಗಾಗುತ್ತದೆ, ಎಲೆ ಬಿಚ್ಚಿಕೊಂಡು ಹಸಿರಾಗುತ್ತದೆ. ನವರಾತ್ರಿಯಲ್ಲಿ ಕಾಳು ಬಿತ್ತಿ ಘಟ್ಟ ಹಾಕುವ ಮನೆಗಳಲ್ಲಿ ದೇವರಕೋಣೆಯ ಮಂದ ಬೆಳಕಿನಲ್ಲಿ ಸಸಿ ಹಳದಿಯಾಗಿ ಬೆಳೆಯುವುದಕ್ಕೂ ಇದೇ ಕಾರಣ.

ಇಲ್ಲಿ ಫೈಟೋಕ್ರೋಮ್ ಜೊತೆಗೆ ನೀಲಿ ಬೆಳಕನ್ನು ಗುರುತಿಸುವ ಕ್ರಿಪ್ಟೋಕ್ರೋಮ್, ಫೋಟೋಟ್ರೋಪಿನ್‌ಗಳೂ ಸೇರಿಕೊಳ್ಳುತ್ತವೆ. ನೀಲಿ ಬೆಳಕು ಕಾಂಡದ ಉದ್ದ ತಡೆಯುತ್ತದೆ, ಸಸಿ ಗಿಡ್ಡವಾಗಿ ಗಟ್ಟಿಯಾಗುತ್ತದೆ, ಪತ್ರರಂಧ್ರ ತೆರೆಯುತ್ತದೆ. ಗಿಡ ಬೆಳಕಿನ ಕಡೆ ಬಾಗುವುದೂ ನೀಲಿಯ ಕೆಲಸವೇ. ಬರೀ ಕೆಂಪು ಎಲ್‌ಇಡಿ ಕೆಳಗೆ ಬೆಳೆಸಿದ ಸಸಿ ಜೋಲುವುದು ಇದಕ್ಕೇ. ಇನ್ನು ದೂರಗೆಂಪಿನ ವಿಷಯ. ಮೇಲಿನ ಎಲೆಗಳು ಕೆಂಪನ್ನು ಹೀರಿಕೊಂಡು ದೂರಗೆಂಪನ್ನು ಕೆಳಕ್ಕೆ ಬಿಡುತ್ತವೆ. ಹಾಗಾಗಿ ದೂರಗೆಂಪು ಜಾಸ್ತಿಯಾದರೆ ಸಸಿ ತನ್ನ ಮೇಲೆ ನೆರಳು ಬಿದ್ದಿದೆ ಅಂತ ತಿಳಿದು ಎತ್ತರಕ್ಕೆ ಓಡುತ್ತದೆ. ಹಳೆಯ ತಂತಿ ಬಲ್ಬಿನಲ್ಲಿ ದೂರಗೆಂಪು ಹೇರಳವಾಗಿತ್ತು. ಈಗಿನ ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿ ಮೇಲೆ ಫಾಸ್ಫರ್ (ನೀಲಿಯನ್ನು ಹೀರಿ ಬೇರೆ ಬಣ್ಣದ ಬೆಳಕು ಸೂಸುವ ಪುಡಿ) ಲೇಪ. ಅದರಲ್ಲಿ ನೀಲಿ ಇದೆ, ಕೆಂಪು ಇದೆ, ದೂರಗೆಂಪು ತೀರ ಕಡಿಮೆ. ಸಸಿ ಬೆಳೆಸುವವರಿಗೆ ಇದು ಅನುಕೂಲವೇ. ನೇರಳೆ ಬಣ್ಣದ ದುಬಾರಿ ದೀಪವೇ ಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಬಿಳಿ ಎಲ್‌ಇಡಿಯಲ್ಲಿ ಸಸಿ ಚೆನ್ನಾಗಿಯೇ ಬರುತ್ತದೆ, ಎಲೆಯ ನಿಜವಾದ ಬಣ್ಣವೂ ಕಾಣುತ್ತದೆ.

ಊಟದ ಲೆಕ್ಕ

ಬೀಜದಳಗಳ ನಂತರ ಮೊದಲ ನಿಜ ಎಲೆ ಬರುವ ಹೊತ್ತಿಗೆ ಬೀಜದ ಬುತ್ತಿ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿಂದ ಬೆಳಕಿನ ಪ್ರಮಾಣ ಮುಖ್ಯ. ನಮ್ಮ ಕಣ್ಣು ಇದರಲ್ಲಿ ತುಂಬಾ ಮೋಸ ಹೋಗುತ್ತದೆ. ಓದಲು ಸಾಕು ಅನ್ನಿಸುವ ಕೋಣೆಯಲ್ಲಿ 200 ಲಕ್ಸ್ ಇರಬಹುದು. ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಅಳತೆ, ಗಿಡಕ್ಕೆ ಬೇಕಾದ್ದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೆಳಕಿನ ಕಣ ಬಿತ್ತು ಅನ್ನುವ ಲೆಕ್ಕ (ಮೋಲ್ ಅಂದರೆ ಕಣಗಳನ್ನು ಎಣಿಸುವ ಮಾನ, ಅದರ ಹತ್ತು ಲಕ್ಷದ ಒಂದು ಪಾಲು ಮೈಕ್ರೋಮೋಲ್). ಹಾಗೆ ನೋಡಿದರೆ ಬಿಸಿಲಿನಲ್ಲಿ ಸುಮಾರು 2000, ಆ ಕೋಣೆಯಲ್ಲಿ 3ರ ಆಸುಪಾಸು. ಮೂರರಲ್ಲಿ ಟೊಮೆಟೊ ಸಸಿ ಉಸಿರಾಟಕ್ಕೆ ಖರ್ಚು ಮಾಡಿದಷ್ಟನ್ನೂ ದುಡಿಯಲಾರದು. ಸುದ್ದಿಗೆ ಸಾಕಾಗುವ ಬೆಳಕು ಊಟಕ್ಕೆ ಸಾಲುವುದಿಲ್ಲ ಅಂದದ್ದು ಇದನ್ನೇ.

ದೀಪದ ಕೆಳಗೆ ಸಸಿ ಬೆಳೆಸುವಾಗ 200 ಮೈಕ್ರೋಮೋಲ್ ಬೆಳಕನ್ನು 16 ಗಂಟೆ ಕೊಟ್ಟರು ಅಂದುಕೊಳ್ಳಿ. 200ನ್ನು 16ರಿಂದ, ಮತ್ತೆ 3600ರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 11.5 ಮೋಲ್. ತರಕಾರಿ ಸಸಿಗೆ ಇದು ಸಾಕಷ್ಟಾಯಿತು. ಹೊರಗೆ ಬೇಸಿಗೆಯ ಬಯಲಿನಲ್ಲಿ ದಿನಕ್ಕೆ 40 ಮೋಲ್ ದಾಟುತ್ತದೆ, ಅದಕ್ಕೇ ದೀಪದ ಸಸಿಯನ್ನು ನೇರ ಬಿಸಿಲಿಗೆ ತಂದರೆ ಎಲೆ ಸುಡುತ್ತದೆ. ನೆರಳುಪರದೆ ಕೆಳಗೆ ಇಟ್ಟು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು. 24 ಗಂಟೆ ದೀಪ ಹಾಕಿದರೆ ಇನ್ನೂ ಬೇಗ ಬೆಳೆಯುತ್ತದೆ ಅನ್ನುವ ಆಸೆಯೂ ಬೇಡ. ಲೆಟ್ಯೂಸ್ ತಡೆದುಕೊಂಡೀತು. ಟೊಮೆಟೊ, ಬದನೆಗೆ ರಾತ್ರಿಯ ಕತ್ತಲೆ ಬೇಕೇ ಬೇಕು, ಇಲ್ಲದಿದ್ದರೆ ಎಲೆ ಹಳದಿಯಾಗಿ ಹಾಳಾಗುತ್ತದೆ.

ರಾತ್ರಿ ಬಲ್ಬ್ ಉರಿಸುವ ಸೇವಂತಿಗೆ ಹೊಲ

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ಕೆಲವು ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬ್ ಉರಿಯುವುದು ಕಾಣುತ್ತದೆ. ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಅಷ್ಟು ಬೆಳಕಿನಲ್ಲಿ ಗಿಡಕ್ಕೆ ಊಟ ಸಿಗುವುದಿಲ್ಲ, ಅದು ಪೂರ್ತಿ ಸುದ್ದಿ.

ಸೇವಂತಿಗೆ ಹೂ ಬಿಡುವುದು ರಾತ್ರಿ ಉದ್ದವಾಗಿದ್ದಾಗ. ತಳಿಗೆ ತಕ್ಕಂತೆ ಬದಲಾದರೂ, ಹಲವು ತಳಿಗಳು ಹಗಲು 13–14 ಗಂಟೆಗಿಂತ ಕಡಿಮೆಯಾದರೆ ಮೊಗ್ಗಿಗೆ ತಿರುಗುತ್ತವೆ. ಬೆಂಗಳೂರಿನ ಸುತ್ತ ಜೂನ್‌ನಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನಲ್ಲಿ ಸುಮಾರು ಹನ್ನೊಂದೂಕಾಲು ಗಂಟೆ. ಅಂದರೆ ನೆಟ್ಟ ಸಸಿ ಗೇಣುದ್ದ ಇರುವಾಗಲೇ ಮೊಗ್ಗು ಹಿಡಿಯುವ ಭಯ. ರೆಂಬೆ ಇಲ್ಲ, ಇಳುವರಿ ಇಲ್ಲ. ಅದಕ್ಕೆ ನಡುರಾತ್ರಿ ಬೆಳಕು ಹಾಕಿ ಒಂದು ಉದ್ದ ರಾತ್ರಿಯನ್ನು ಎರಡು ಗಿಡ್ಡ ರಾತ್ರಿಗಳಾಗಿ ತುಂಡು ಮಾಡುತ್ತಾರೆ. ಗಿಡ ಎಣಿಸುವುದು ಕತ್ತಲೆಯನ್ನು, ಹಗಲನ್ನಲ್ಲ ಅನ್ನುವುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅನ್ನುವ ಸಸ್ಯವಿಜ್ಞಾನಿಗಳು ಮಾಡಿದ ಪ್ರಯೋಗದಿಂದ ಗೊತ್ತಾಗಿತ್ತು. ಸುಮಾರು 100 ಲಕ್ಸ್ ಇದ್ದರೂ ಕೆಲಸ ನಡೆಯುತ್ತದೆ, ಯಾಕೆಂದರೆ ಕೇಳಿಸಿಕೊಳ್ಳುವುದು ಲೆಟ್ಯೂಸ್ ಬೀಜದಲ್ಲಿದ್ದ ಅದೇ ಫೈಟೋಕ್ರೋಮ್. ಬಿಳಿ ಎಲ್‌ಇಡಿಯಲ್ಲಿರುವ ಕೆಂಪಿನ ಪಾಲು ಅದಕ್ಕೆ ಸಾಕು.

ಗಿಡ ಪೊದೆಯಾಗಿ ರೆಂಬೆ ಒಡೆದ ಮೇಲೆ ಬಲ್ಬ್ ಆರಿಸುತ್ತಾರೆ. ಆಮೇಲೆ ಸತತವಾಗಿ ಉದ್ದ ಕತ್ತಲೆ ಸಿಕ್ಕಾಗ ಇಡೀ ಹೊಲ ಹೆಚ್ಚು ಕಡಿಮೆ ಒಟ್ಟಿಗೆ ಮೊಗ್ಗಾಗುತ್ತದೆ. ಹಬ್ಬದ ದಿನ ನೋಡಿಕೊಂಡು ಹಿಂದಕ್ಕೆ ಎಣಿಸಿ ಬಲ್ಬ್ ಆರಿಸುವ ದಿನ ಗೊತ್ತು ಮಾಡಬಹುದು. ಸೋಯಾ ಅವರೆಯೂ ಇದೇ ಜಾತಿಯ ಸ್ವಭಾವದ್ದು. ಬೀದಿದೀಪದ ಬುಡದಲ್ಲಿರುವ ಸೋಯಾ ಗಿಡಗಳು, ಹೊಲದ ಉಳಿದ ಭಾಗ ಒಣಗಿ ಕೊಯ್ಲಿಗೆ ಬಂದರೂ, ಇನ್ನೂ ಹಸಿರಾಗೇ ನಿಂತಿರುತ್ತವೆ.