ಊರೆಲ್ಲ ಸೋಲಾರ್ ಹಾಕಿದರೆ ನಮ್ಮ ಲೈನ್ ತಡೆದೀತೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಒಬ್ಬರ ಹಿಂದೆ ಒಬ್ಬರು ಮನೆ ಮೇಲೆ ಸೋಲಾರ್ ಹಾಕಿಸುತ್ತಿದ್ದಾರೆ. ಇಷ್ಟು ಕರೆಂಟ್ ವಾಪಸ್ ಹರಿದರೆ ಹಳೇ ಲೈನಿಗೆ ತೊಂದರೆಯಾಗದೇ? ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡುತ್ತಾರಂತೆ, ನಂಬಬಹುದೇ?

ಉತ್ತರ: ನಂಬಬಹುದು, ಲೈನಿನ ವಿವರ ಸರಿಯಾಗಿ ಕೊಟ್ಟಿದ್ದರೆ.

ಮಧ್ಯಾಹ್ನ ಬಳಕೆ ಕಡಿಮೆ ಇದ್ದು ಬಿಸಿಲು ಜೋರಿದ್ದರೆ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಏರುತ್ತದೆ. ಅದನ್ನು ಸಾಮಾನ್ಯ ಲೆಕ್ಕದಲ್ಲೇ ಕಂಡುಹಿಡಿಯಬಹುದು. ನಿಜವಾದ ಭಯ ಇರುವುದು ಮಳೆಗಾಲದಲ್ಲಿ. 11 ಕೆವಿ ತಂತಿ ಮೇಲೆ ಅಕೇಶಿಯಾ ಕೊಂಬೆ ಒರಗಿತು ಎನ್ನಿ. ಅದರ ಮೂಲಕ ಹರಿಯುವುದು ಕೆಲವೇ ಆಂಪಿಯರ್ ಆದರೆ ಸಬ್‌ಸ್ಟೇಷನ್ನಿನ ರಿಲೇ (ದೋಷ ಕಂಡರೆ ಲೈನ್ ಕಡಿಯಲು ಹೇಳುವ ಸಾಧನ) ಅದನ್ನೂ ಮಾಮೂಲಿ ಬಳಕೆ ಎಂದೇ ತಿಳಿಯುತ್ತದೆ. ಕೊನೆಗೆ ಬ್ರೇಕರ್ (ಲೈನ್ ಕಡಿಯುವ ಸ್ವಿಚ್) ಬಿದ್ದರೂ ಊರಿನ ಸೋಲಾರೂ ಊರಿನ ಬಳಕೆಯೂ ಸರಿಸಮ ಇದ್ದರೆ ಆ ತುಂಡು ಲೈನು ಜೀವಂತವಾಗಿಯೇ ಉಳಿಯಬಹುದು. ಎಲ್‌ಸಿ (ಲೈನ್ ಬಂದ್ ಮಾಡಿಸಿದ ಅನುಮತಿ) ತಗೊಂಡು ಕಂಬ ಹತ್ತುವ ಲೈನ್‌ಮನ್ ಜೀವಕ್ಕೇ ಅಪಾಯ. ಅದಕ್ಕೇ ಸೋಲಾರ್ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರ್ 2 ಸೆಕೆಂಡಿನೊಳಗೆ ಕಳಚಿಕೊಳ್ಳಬೇಕೆಂಬ ನಿಯಮ. ಒಂದೊಂದೇ ಪರೀಕ್ಷಿಸಿದಾಗ ಪಾಸಾದ ಇನ್ವರ್ಟರುಗಳು, ಬೇರೆ ಬೇರೆ ಕಂಪನಿಯವು ಒಂದೇ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಸೇರಿದಾಗ ಪರಸ್ಪರ ಗೊಂದಲಕ್ಕೆ ಬೀಳುವುದುಂಟು.

ಇದನ್ನು ನಡೆಯುವ ಲೈನಿನಲ್ಲಿ ಪರೀಕ್ಷಿಸುವ ಹಾಗಿಲ್ಲ. ರಿಯಲ್ ಟೈಮ್ ಸಿಮ್ಯುಲೇಟರ್, ಅಂದರೆ ಲೈನಿನ ನಡವಳಿಕೆಯನ್ನು ನಿಜ ಸಮಯದಲ್ಲೇ ಲೆಕ್ಕ ಹಾಕುವ ಕಂಪ್ಯೂಟರ್, ಬೇಕಾಗುವುದು ಇಲ್ಲೇ. ಮಾಮೂಲಿ ಕಂಪ್ಯೂಟರ್ ಒಂದು ಸೆಕೆಂಡಿನ ಘಟನೆಯನ್ನು ಲೆಕ್ಕ ಹಾಕಲು ನಿಮಿಷಗಟ್ಟಲೆ ತೆಗೆದುಕೊಂಡರೂ ನಡೆಯುತ್ತದೆ; ಆದರೆ ಅಸಲಿ ರಿಲೇ ಜೋಡಿಸಿದರೆ ಅದು ಅಷ್ಟು ಹೊತ್ತು ಕಾಯುವುದಿಲ್ಲ. ಸಿಮ್ಯುಲೇಟರ್ ಸಾಮಾನ್ಯವಾಗಿ 50 ಮೈಕ್ರೋಸೆಕೆಂಡಿಗೊಮ್ಮೆ ಇಡೀ ಲೈನಿನ ಸ್ಥಿತಿ ಲೆಕ್ಕ ಹಾಕಿ ಮುಗಿಸುತ್ತದೆ. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಆವರ್ತಕ್ಕೆ 400 ಸಲ. ಇನ್ವರ್ಟರಿನೊಳಗಿನ ಸ್ವಿಚ್ಚುಗಳಿಗೆ ಅದೂ ಸಾಲದು, ಒಂದೆರಡು ಮೈಕ್ರೋಸೆಕೆಂಡಿಗೆ ಇಳಿಯಬೇಕು.

ಲೈನು ಲೆಕ್ಕದ್ದು, ರಿಲೇ ಮಾತ್ರ ಅಸಲಿ. ಆಂಪ್ಲಿಫೈಯರ್ ಮೂಲಕ ಅದಕ್ಕೆ ಸಬ್‌ಸ್ಟೇಷನ್ನಿನಲ್ಲಿ ಸಿಗುವಂಥದೇ 110 ವೋಲ್ಟ್, 1 ಅಥವಾ 5 ಆಂಪಿಯರ್ ಕೊಡುತ್ತಾರೆ. ಲೆಕ್ಕದಲ್ಲೇ ಕೊಂಬೆ ಬೀಳಿಸುತ್ತಾರೆ. ರಿಲೇ ಟ್ರಿಪ್ ಕೊಟ್ಟರೆ ಆ ಸಿಗ್ನಲ್ ವಾಪಸ್ ಹೋಗಿ ಲೆಕ್ಕದೊಳಗಿನ ಬ್ರೇಕರ್ ತೆರೆಯುತ್ತದೆ. ಇಡೀ ರಾತ್ರಿ ಸಾವಿರ ಸಲ ಮಾಡಿದರೂ ಯಾರಿಗೂ ಅಪಾಯವಿಲ್ಲ. ಬೆಂಗಳೂರಿನ ಸಿಪಿಆರ್‌ಐನಲ್ಲಿ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇಂಥ ವ್ಯವಸ್ಥೆ ಇದೆ.

ದೊಡ್ಡ ಗ್ರಿಡ್ಡಿಗೂ ಇದೇ ಬೇಕು. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಭಾರಿ ರೋಟರುಗಳು ತಿರುಗುವ ಬಲದಿಂದಲೇ ಗ್ರಿಡ್ಡಿನ ಏರುಪೇರನ್ನು ಕ್ಷಣಕಾಲ ತಡೆದುಕೊಳ್ಳುತ್ತವೆ. ಸೋಲಾರಿಗೆ ಆ ತೂಕವಿಲ್ಲ. ಆ ಕೆಲಸ ಮಾಡಬಲ್ಲ ಹೊಸ ಇನ್ವರ್ಟರುಗಳನ್ನೂ ಮೊದಲು ಸಿಮ್ಯುಲೇಟರಿಗೇ ಜೋಡಿಸಿ ನೋಡುತ್ತಾರೆ.

ಆದರೆ ವಿವರ ತಪ್ಪಿದ್ದರೆ ಉತ್ತರವೂ ತಪ್ಪು. ಹಳ್ಳಿಗಳಲ್ಲಿ ಒಂದು ಫೇಸ್ ಹೋದಾಗ ಮನೆಯನ್ನು ಇನ್ನೊಂದಕ್ಕೆ ಬದಲಿಸುತ್ತಾರೆ, ಅದು ದಾಖಲೆಯಲ್ಲಿ ಬರುವುದೇ ಇಲ್ಲ. 2024ರ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಸೋಲಾರಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಯೂ ಬೇಕಿಲ್ಲ. ಅರ್ಜಿದಾರರಿಗೆ ಒಳ್ಳೆಯದೇ. ಆದರೆ ಒಂದೊಂದು ಮನೆಯನ್ನು ನೋಡದಿದ್ದ ಮೇಲೆ ಫೀಡರನ್ನು (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನನ್ನು) ಒಟ್ಟಾಗಿ ನೋಡಲೇಬೇಕು. ನಿಮ್ಮ ಟಿಸಿ ಎಷ್ಟು ಕೆವಿಎ (ಅದರ ಸಾಮರ್ಥ್ಯ), ಅದಕ್ಕೆ ಈಗಾಗಲೇ ಎಷ್ಟು ಕಿಲೋವ್ಯಾಟ್ ಸೋಲಾರ್ ಸೇರಿದೆ, ಯಾವ ಫೇಸಿನಲ್ಲಿ: ಈ ಮೂರನ್ನು ಊರಿನವರೇ ಸೇರಿ ಮೆಸ್ಕಾಂ ಉಪವಿಭಾಗದಲ್ಲಿ ಲಿಖಿತವಾಗಿ ಕೇಳಿ.