ಮಳೆ ನಿಂತ ಮೇಲಿನ ಅರ್ಧ ಗಂಟೆ

ಬೆಳಗ್ಗೆ ಆರಕ್ಕೆ ಬಂದು ಕೂತಿದ್ದೇವೆ. ನಾನು, ಮೂವರು ವಿದ್ಯಾರ್ಥಿಗಳು, ಹೊರಗೆ ಹಗ್ಗ ಬಿಗಿದು ನಿಲ್ಲಿಸಿದ ಎರಡು ಪುಟ್ಟ ಸೆಸ್ನಾ 172 ವಿಮಾನ. ಹಾರಾಟ ಕಲಿಸುವವನು ಅಂದರೆ ದಿನವಿಡೀ ಆಕಾಶದಲ್ಲೇ ಇರುತ್ತಾನೆ ಅಂತ ಜನ ಅಂದುಕೊಳ್ಳುತ್ತಾರೆ. ಹವಾಮಾನ ಕೈಕೊಟ್ಟ ದಿನಗಳಲ್ಲಿ ನಾನು ವಿಮಾನದ ಸೀಟಿಗಿಂತ ಈ ಬ್ರೀಫಿಂಗ್ ರೂಮಿನ ಕುರ್ಚಿಯಲ್ಲೇ ಜಾಸ್ತಿ ಕೂತಿರುತ್ತೇನೆ. ಎಷ್ಟೋ ಕಡೆ ಇನ್‌ಸ್ಟ್ರಕ್ಟರ್‌ಗೆ ದುಡ್ಡು ಬರುವುದು ಹಾರಿದ ಗಂಟೆಗಳ ಲೆಕ್ಕದಲ್ಲಿ. ಎಂಜಿನ್ ತಿರುಗದಿದ್ದರೆ ಮೀಟರೂ ಓಡುವುದಿಲ್ಲ. ವಿದ್ಯಾರ್ಥಿಗೂ ಅವಸರ, ನನಗೂ ಒಳಗೊಳಗೇ ಅವಸರ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪೂರ್ತಿ ಕೆಟ್ಟ ದಿನ ನಮಗೆ ಕಷ್ಟವೇ ಅಲ್ಲ. ಗುಡುಗುವ ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್ ದೂರ ಇರಬೇಕು ಅಂತ ಮೊದಲ ಪಾಠದಲ್ಲೇ ಹೇಳಿರುತ್ತೇವೆ. ಗುಡುಗು ತಲೆ ಮೇಲೇ ಇದ್ದಾಗ ಯಾರೂ ವಾದ ಮಾಡುವುದಿಲ್ಲ. ತಲೆನೋವು ಅರೆಬರೆ ದಿನದ್ದು. ಪಶ್ಚಿಮಕ್ಕೆ ಒಂದಿಷ್ಟು ನೀಲಿ, ಪೂರ್ವಕ್ಕೆ ಕಪ್ಪು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಒಮ್ಮೆ ಜೋತುಬಿದ್ದು ಮತ್ತೊಮ್ಮೆ ನೆಟ್ಟಗಾಗುತ್ತದೆ. ಕಿಟಕಿ ಹತ್ತಿರ ನಿಂತ ಹುಡುಗ, "ಸರ್, ಅಲ್ಲಿ ತೆರೀತಿದೆ ಅಲ್ವಾ?" ಅಂತ ಕೇಳುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ.

ಅದಕ್ಕೇ ನಮ್ಮ ರೂಮಿನ ಬಿಳಿ ಬೋರ್ಡಿನ ಮೇಲೆ ಬೆಳಗ್ಗೆ ಬಂದ ಕೂಡಲೇ ಮೂರು ಅಂಕಿ ಬರೆಸುತ್ತೇನೆ. ಗಾಳಿ ಎಷ್ಟರವರೆಗೆ ಸರಿ, ಕಣ್ಣಿಗೆ ಎಷ್ಟು ದೂರ ಕಾಣಬೇಕು, ಮೋಡದ ತಳ ಎಷ್ಟು ಎತ್ತರದಲ್ಲಿರಬೇಕು. ನಾನು ಜೊತೆಗಿದ್ದರೆ ಒಂದು ಲೆಕ್ಕ, ವಿದ್ಯಾರ್ಥಿ ಸೋಲೋ ಹೋಗುವುದಾದರೆ ಇನ್ನೂ ಬಿಗಿಯಾದ ಲೆಕ್ಕ. ಕಿಟಕಿಯಾಚೆ ನೋಡುವ ಮುಂಚೆ ಬರೆಯಬೇಕು, ಅದು ಮುಖ್ಯ. ಮೂರು ಗಂಟೆ ಕಾದ ಮೇಲೆ ಬರೆದ ಅಂಕಿ ರಬ್ಬರಿನಂತೆ ಹಿಗ್ಗುತ್ತದೆ. ನನ್ನದೂ ಹಿಗ್ಗುತ್ತದೆ, ಇಪ್ಪತ್ತು ವರ್ಷದ ಅನುಭವ ಅದಕ್ಕೆ ಅಡ್ಡ ಬರುವುದಿಲ್ಲ.

ಆಮೇಲೆ ಮೆಟಾರ್. ವಿಮಾನ ನಿಲ್ದಾಣದ ಈ ಹವಾಮಾನ ವರದಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಬರುತ್ತದೆ. ಅದರಲ್ಲಿ ನಾನು ಮೊದಲು ನೋಡುವುದು ತಾಪಮಾನ ಮತ್ತು ಇಬ್ಬನಿ ಬಿಂದು. ಎರಡೂ ಒಂದೇ ಆದರೆ ಗಾಳಿಯಲ್ಲಿರುವ ತೇವ ಹನಿಯಾಗಲು ತಯಾರಿದೆ ಅಂತ. ಎರಡರ ನಡುವಿನ ಅಂತರವನ್ನು 400ರಿಂದ ಗುಣಿಸಿದರೆ ಉಬ್ಬುಮೋಡದ ತಳ ಸುಮಾರು ಎಷ್ಟು ಅಡಿ ಮೇಲಿದೆ ಅನ್ನುವ ಅಂದಾಜು ಸಿಗುತ್ತದೆ. ಇವತ್ತು 26 ಮತ್ತು 23 ಡಿಗ್ರಿ ಸೆಲ್ಸಿಯಸ್. ಅಂತರ ಮೂರು, ಮೋಡ 1200 ಅಡಿಯಲ್ಲಿ. ನಾವು ರನ್‌ವೇ ಸುತ್ತ ಸರ್ಕ್ಯೂಟ್ ಹೊಡೆಯುವುದೇ ಸಾಮಾನ್ಯವಾಗಿ 1000 ಅಡಿಯಲ್ಲಿ. ತಲೆಗೂ ಚಾವಣಿಗೂ ನಡುವೆ ಇನ್ನೂರೇ ಅಡಿ! ನೀಲಿ ಕಾಣುತ್ತಿದೆ ಎಂದ ಹುಡುಗನಿಗೆ ಈ ಗುಣಾಕಾರ ಮಾಡಿಸಿದೆ. ಉತ್ತರ ಬಂದ ಮೇಲೆ ಸುಮ್ನೆ ಕೂತ.

ಗಾಳಿಗೂ ಒಂದು ಬಾಯಿಲೆಕ್ಕ ಇದೆ. ರನ್‌ವೇ ದಿಕ್ಕು 270 ಡಿಗ್ರಿ, ಟವರ್‌ನವರು ಹೇಳುವ ಗಾಳಿ 310ರಿಂದ 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲಿ), ಬೀಸು ಬಂದಾಗ 26. ಕೋನ 40. ಗಡಿಯಾರ ನೆನಪಿಸಿಕೊಳ್ಳಿ: 40 ನಿಮಿಷ ಅಂದರೆ ಗಂಟೆಯ ಮೂರನೇ ಎರಡು ಪಾಲು. ಹಾಗಾಗಿ ಅಡ್ಡಗಾಳಿ 12 ನಾಟ್, ಬೀಸಿನಲ್ಲಿ 17ರ ಹತ್ತಿರ. 60 ಡಿಗ್ರಿ ದಾಟಿದರೆ ಪೂರ್ತಿ ಗಾಳಿ ಅಡ್ಡಕ್ಕೇ ಅಂತ ಹಿಡಿಯಬೇಕು. ಸೆಸ್ನಾ 172ರ ಪುಸ್ತಕದಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ವಿದ್ಯಾರ್ಥಿಗಳು ಯಾವಾಗಲೂ 18 ಹಿಡಿದು ಲೆಕ್ಕ ಹಾಕುತ್ತಾರೆ. ಚಕ್ರ ನೆಲ ಮುಟ್ಟುವ ಆ ಎರಡು ಸೆಕೆಂಡಿನಲ್ಲೇ 26 ಬಂದರೆ?

ಇಷ್ಟೆಲ್ಲ ಆದ ಮೇಲೂ ಗಡಿಯಾರದಲ್ಲಿ ಎಂಟೂವರೆ. ಆಗ ನನ್ನ ಮೂಲೆಯ ತಿರುಗುವ ಕುರ್ಚಿ ಹೊರಬರುತ್ತದೆ. ಮೂವರಲ್ಲಿ ಹುಡುಗಿಯನ್ನು ಮೊದಲು ಕರೆಯುತ್ತೇನೆ.

"ಕಣ್ಣು ಮುಚ್ಚಿ ಕೂತ್ಕೋಮ್ಮ. ತಲೆ ನೆಟ್ಟಗಿರಲಿ. ಯಾವ ಕಡೆ ತಿರುಗ್ತಿದ್ದೀಯ ಅನ್ನಿಸುತ್ತೋ ಆ ಕಡೆ ಹೆಬ್ಬೆರಳು ತೋರಿಸು."

ಕುರ್ಚಿಯನ್ನು ಎಡಕ್ಕೆ ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿಸುತ್ತೇನೆ. ಮೊದಲು ಹೆಬ್ಬೆರಳು ಸರಿಯಾಗಿ ಎಡಕ್ಕೆ. ಸುಮಾರು ಇಪ್ಪತ್ತು ಸೆಕೆಂಡಿಗೆ ಬೆರಳು ಮೆಲ್ಲಗೆ ಮೇಲಕ್ಕೆ ಏಳುತ್ತದೆ. "ನಿಂತಿತು ಸರ್" ಅನ್ನುತ್ತಾಳೆ. ಕುರ್ಚಿ ಇನ್ನೂ ತಿರುಗುತ್ತಲೇ ಇದೆ. ಉಳಿದಿಬ್ಬರು ನಗು ತಡೆದುಕೊಂಡಿದ್ದಾರೆ. ಈಗ ಕುರ್ಚಿ ನಿಲ್ಲಿಸುತ್ತೇನೆ. ಬೆರಳು ಪಟ್ಟನೆ ಬಲಕ್ಕೆ ಹೋಗುತ್ತದೆ. "ಈಗ ಆ ಕಡೆ ತಿರುಗಿಸ್ತಿದ್ದೀರಿ!" ಕಣ್ಣು ಬಿಟ್ಟಾಗ ಎದುರಿಗಿರುವ ಬೋರ್ಡು ಅಲುಗಾಡದೆ ನಿಂತಿರುವುದನ್ನು ನೋಡಿ ಅವಳ ಮುಖ ನೋಡಬೇಕು.

ಒಳಕಿವಿಯ ಅರ್ಧವೃತ್ತದ ನಾಳಗಳಲ್ಲಿರುವ ದ್ರವ ಮಾಡುವ ಕಿತಾಪತಿ ಇದು. ತಿರುಗಲು ಶುರು ಮಾಡಿದಾಗ ದ್ರವ ಹಿಂದೆ ಉಳಿಯುತ್ತದೆ, ತಿರುಗುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೂಡುತ್ತದೆ, ಸುದ್ದಿ ನಿಂತುಹೋಗುತ್ತದೆ. ಮೋಡದೊಳಗೆ ದಿಗಂತ ಕಾಣದಿದ್ದಾಗ ಆಗುವುದೂ ಇದೇ. ವಿಮಾನ ಒಂದು ಕಡೆಗೆ ವಾಲಿ ತಿರುಗುತ್ತಾ ಇಳಿಯುತ್ತಿರುತ್ತದೆ, ಪೈಲಟ್‌ಗೆ ನೆಟ್ಟಗೆ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಎತ್ತರ ಕಡಿಮೆಯಾಗುತ್ತಿದೆ ಅಂತ ಕಂಟ್ರೋಲ್ ಹಿಂದಕ್ಕೆ ಎಳೆಯುತ್ತಾನೆ, ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರಿಸಲು ಬಾರದ 20 ಪೈಲಟ್‌ಗಳಿಗೆ, ಹೊರಗೆ ಏನೂ ಕಾಣದಂತೆ ಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ. ಈ ಅಂಕಿಯನ್ನು ಬರೀ ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಅಷ್ಟೇ. ಕುರ್ಚಿಯಿಂದ ಇಳಿದವರು ತಲೆ ಆಡಿಸುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

ಹತ್ತೂಕಾಲಿಗೆ ಮಳೆ ಒಂದು ಸುತ್ತು ಸುರಿದು ನಿಂತಿತು. ಬಿಸಿಲೂ ಬಂತು. ನನ್ನ ಮಟ್ಟಿಗೆ ದಿನದಲ್ಲಿ ಎಚ್ಚರವಾಗಿರಬೇಕಾದ ಹೊತ್ತು ಇದೇ, ಈ ಅರ್ಧ ಗಂಟೆ. ಎಲ್ಲರೂ ಒಟ್ಟಿಗೆ ಏಳುತ್ತಾರೆ, ಹೆಡ್‌ಸೆಟ್ ಕೈಯಲ್ಲಿ. ನಾನು ಹೊಸದಾಗಿ ಕಲಿಸಲು ಬಂದಾಗ ಹೀಗೇ ಮೂರು ಗಂಟೆ ಕಾದು, ಬಿಸಿಲು ಬಂದದ್ದೇ ತಡ ಓಡಿದ್ದೆ. ರನ್‌ವೇ ಮೇಲೆ ಓಟ ಶುರುವಾಗಿದೆ, ವೇಗದ ಮುಳ್ಳು ಸೊನ್ನೆಯಿಂದ ಕದಲುತ್ತಿಲ್ಲ. ಥ್ರಾಟಲ್ ಎಳೆದು ನಿಲ್ಲಿಸಿದೆ. ಇಳಿದು ನೋಡಿದರೆ ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ಕೊಳವೆಯ ಮೇಲೆ ಕೆಂಪು ಚೀಲ ಹಾಗೇ ಇತ್ತು, 'ಹಾರುವ ಮುನ್ನ ತೆಗೆಯಿರಿ' ಅಂತ ಬರೆದ ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ವಿದ್ಯಾರ್ಥಿಯ ಎದುರು. ಅವತ್ತಿನ ಮುಜುಗರ ಈಗಲೂ ಆರಿಲ್ಲ.

ಹಾಗಾಗಿ ಮಳೆ ನಿಂತ ಮೇಲೆ ನಾವು ನಿಧಾನ. ಮೊದಲ ಕೆಲಸ ಇಂಧನ. 172ರ ಟ್ಯಾಂಕ್ ಇರುವುದು ರೆಕ್ಕೆಯೊಳಗೆ, ಮುಚ್ಚಳ ರೆಕ್ಕೆಯ ಮೇಲೆ. ಮುಚ್ಚಳದ ವಾಶರ್ ಹಳತಾದರೆ ಮಳೆನೀರು ಒಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ, ಎಂಜಿನ್‌ಗೆ ಮೊದಲು ಹೋಗುವುದೂ ಅದೇ. ರೆಕ್ಕೆಯ ಕೆಳಗಿನ ಡ್ರೈನ್‌ಗೆ ಪಾರದರ್ಶಕ ಕಪ್ ಒತ್ತಿ ಹಿಡಿದು ಇಂಧನ ತೆಗೆದಳು ನಮ್ಮ ಹುಡುಗಿ. ಬೆಳಕಿಗೆ ಎತ್ತಿ, "ಕ್ಲೀನ್ ಇದೆ ಸರ್, ಗೆರೆ ಏನೂ ಇಲ್ಲ" ಅಂದಳು.

"ಬಣ್ಣ ಯಾವುದು?"

ಮತ್ತೆ ನೋಡಿದಳು. ನಾವು ಹಾಕುವ ಇಂಧನ ತಿಳಿ ನೀಲಿ. ಕಪ್‌ನಲ್ಲಿದ್ದದ್ದಕ್ಕೆ ಬಣ್ಣವೇ ಇರಲಿಲ್ಲ. ಪೂರ್ತಿ ನೀರೇ ತುಂಬಿದ್ದರೆ ಗೆರೆ ಎಲ್ಲಿಂದ ಬರಬೇಕು? ಎರಡನೇ ಕಪ್‌ನಲ್ಲಿ ಮೇಲೆ ನೀಲಿ, ಕೆಳಗೆ ಪಾದರಸದ ಗುಂಡಿನಂತೆ ಉರುಳಾಡುವ ನೀರು. ರೆಕ್ಕೆ ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದೆವು. ಆರನೇ ಕಪ್‌ಗೆ ಪೂರ್ತಿ ನೀಲಿ ಬಂತು. ಆ ಮುಚ್ಚಳದ ವಾಶರ್ ಬದಲಾಗುವ ತನಕ ಈ ವಿಮಾನ ಹಾರುವುದಿಲ್ಲ ಅಂತ ದಾಖಲೆ ಪುಸ್ತಕದಲ್ಲಿ ಬರೆದೆ.

ಇನ್ನೊಂದು ವಿಮಾನದ್ದು ಶುರು ಮಾಡೋಣ ಎನ್ನುವಷ್ಟರಲ್ಲಿ ಗಾಳಿಚೀಲ ಪೂರ್ತಿ ಉಲ್ಟಾ ತಿರುಗಿ ನೆಟ್ಟಗಾಯಿತು. ತಣ್ಣನೆ ಗಾಳಿ. ದೂರದ ಗುಡುಗುಮೋಡದಿಂದ ಕೆಳಗೆ ಸುರಿದ ಗಾಳಿ ನೆಲದ ಮೇಲೆ ಹರಡಿಕೊಂಡು ಮಳೆಗಿಂತ ಮುಂಚೆ ಬರುವುದು ಹೀಗೇ. ಯಾರೂ ಏನೂ ಕೇಳಲಿಲ್ಲ. ಕಿಟಕಿಯ ಹುಡುಗ ಹಗ್ಗ ಎತ್ತಿಕೊಂಡು ರೆಕ್ಕೆಯ ಕಡೆ ನಡೆದ, ಇನ್ನೊಬ್ಬ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟ. ಅವಳು ಪಿಟೋ ಚೀಲ ಹಾಕಿ, ಕೆಂಪು ಪಟ್ಟಿಯನ್ನು ಒಮ್ಮೆ ಎಳೆದು ನೋಡಿದಳು. ನಾವು ಒಳಗೆ ಬಂದಾಗ ಮಧ್ಯಾಹ್ನದ ಬ್ಯಾಚಿನವನೊಬ್ಬ ಆಗಲೇ ತಿರುಗುವ ಕುರ್ಚಿಯಲ್ಲಿ ಕೂತಿದ್ದ.