ಡೈನೋಸಾರ್ ಕೊಂದದ್ದು ನಮ್ಮ ಕಡೆಯ ಕಲ್ಲೇ?

ವಿಜಯಪುರದ ಗೋಳಗುಮ್ಮಟ ಕಟ್ಟಿರುವುದು ಕಪ್ಪು ಬಸಾಲ್ಟ್ ಕಲ್ಲಿನಲ್ಲಿ, ಅಂದರೆ ಆರಿ ಗಟ್ಟಿಯಾದ ಲಾವಾದಲ್ಲಿ. ಸುತ್ತಲಿನ ಎರೆ ಹೊಲಗಳ ಮಣ್ಣೂ ಇದೇ ಕಲ್ಲು ಸವೆದು ಆದದ್ದು. ನೆಲದ ಬಿರುಕುಗಳಿಂದ ಉಕ್ಕಿ ಪದರದ ಮೇಲೆ ಪದರ ಹರಿದ ಈ ಲಾವಾ ಇಂದಿಗೂ ದಖ್ಖನ್ನಿನ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಆವರಿಸಿದೆ. ಬೆಳಗಾವಿ ಅದರ ದಕ್ಷಿಣದ ಅಂಚು.

ಅದು ಉಕ್ಕುತ್ತಿದ್ದ ಕಾಲದಲ್ಲೇ, 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದವು. ಹಕ್ಕಿಗಳ ವಂಶ ಮಾತ್ರ ಉಳಿಯಿತು. ಬಾನಿಂದ ಬಿದ್ದ ಕ್ಷುದ್ರಗ್ರಹವೇ ಕಾರಣ ಅಂತ ಅಮೆರಿಕದ ವಿಜ್ಞಾನಿ ಅಲ್ವಾರೆಜ್ ಅವರ ತಂಡ 1980ರಲ್ಲಿ ಹೇಳಿತು. ಅದು ಬಿದ್ದ ಗುಂಡಿ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಸಿಕ್ಕ ಮೇಲೆ ಹೆಚ್ಚಿನವರು ಒಪ್ಪಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಗೆರ್ಟಾ ಕೆಲ್ಲರ್ ಮಾತ್ರ ಒಪ್ಪಲಿಲ್ಲ. ಆಂಧ್ರದ ರಾಜಮಂಡ್ರಿಯ ಹತ್ತಿರ ಲಾವಾ ಪದರಗಳ ನಡುವೆ ಸಮುದ್ರದ ಕೆಸರು ಸಿಕ್ಕಿಬಿದ್ದಿದೆ. ಅದರಲ್ಲಿನ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವು ಅಳಿದ ಕಾಲಕ್ಕೂ ಲಾವಾ ಉಕ್ಕಿದ ಕಾಲಕ್ಕೂ ತಾಳೆಯಾಗುತ್ತದೆ, ಹಾಗಾಗಿ ಅಪರಾಧಿ ದಖ್ಖನ್ ಲಾವಾ ಅಂತ ಅವರು ವಾದಿಸಿದರು.

ಹಾಗಾದರೆ ಯಾವ ಪದರ ಯಾವಾಗಿನದು? ಲಾವಾ ಹರಿವುಗಳ ನಡುವೆ ಅಲ್ಲಲ್ಲಿ ಇಟ್ಟಿಗೆ ಬಣ್ಣದ ತೆಳು ಪದರ ಕಾಣುತ್ತದೆ. ಒಂದು ಹರಿವು ನಿಂತು ಇನ್ನೊಂದು ಬರುವ ತನಕ ಮೇಲ್ಮೈ ಸವೆದು ಆದ ಹಳೆಯ ಮಣ್ಣು ಅದು. ಅದರೊಳಗೆ ಜ್ವಾಲಾಮುಖಿಯ ಬೂದಿಯ ಜೊತೆ ಬಂದು ಬಿದ್ದ ಜಿರ್ಕಾನ್ ಹರಳುಗಳಿವೆ. ಅವುಗಳಲ್ಲಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಎಷ್ಟು ಸೀಸವಾಗಿದೆ ಅಂತ ಅಳೆದರೆ ವಯಸ್ಸು ಗೊತ್ತಾಗುತ್ತದೆ.

ಈ ವಿಧಾನ ಬಳಸಿದ ಒಂದು ತಂಡ 2019ರಲ್ಲಿ, ಅಳಿವಿಗೆ ಹತ್ತಾರು ಸಾವಿರ ವರ್ಷವಷ್ಟೇ ಮುಂಚೆ ಲಾವಾ ಜೋರಾಗಿ ಉಕ್ಕಿತ್ತು ಅಂದಿತು. ಬಸಾಲ್ಟಿನಲ್ಲೇ ಇರುವ ಆರ್ಗಾನ್ ಅನಿಲ ಅಳೆದು ವಯಸ್ಸು ಕಂಡುಕೊಂಡ ಇನ್ನೊಂದು ತಂಡ, ಮುಕ್ಕಾಲು ಪಾಲು ಬಂದದ್ದು ಅಳಿವಿನ ನಂತರ ಅಂದಿತು. ಎರಡೂ ಅಚ್ಚಾಗಿದ್ದು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ!

ನನ್ನ ಮಟ್ಟಿಗೆ ಲಾವಾಕ್ಕಿಂತ ಅನಿಲವೇ ಮುಖ್ಯ. ಬಸಾಲ್ಟ್ ತುಂಡನ್ನು ಹತ್ತಿರದಿಂದ ನೋಡಿ, ಎಷ್ಟೋ ಸಲ ಸಣ್ಣ ಸಣ್ಣ ತೂತು ಕಾಣುತ್ತವೆ. ಅವು ಅನಿಲದ ಗುಳ್ಳೆಗಳಿದ್ದ ಜಾಗ. ಗಂಧಕದ ಅನಿಲ ಭೂಮಿಯನ್ನು ಕೆಲವು ವರ್ಷ ತಂಪು ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ಸಾವಿರಾರು ವರ್ಷ ಬಿಸಿ ಮಾಡುತ್ತದೆ. ಕಲ್ಲು ಹೊರಬರುವ ಮೊದಲೇ ಅನಿಲ ಸೋರಿರಬಹುದು, ಅಲ್ವಾ? ಆಗ ಕಲ್ಲಿನ ವಯಸ್ಸೊಂದರಿಂದಲೇ ತೀರ್ಪು ಕೊಡಲಾಗದು.

ದಖ್ಖನ್ನಿನ ಮೇಲುಮೇಲಿನ ಪದರಗಳಲ್ಲೊಂದಕ್ಕೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ದೇಸೂರು, ನಮ್ಮ ಬೆಳಗಾವಿ ಹತ್ತಿರದ ಊರಿನದೇ. ಮೇಲಿನದು ಅಂದರೆ ಕೊನೆಗೆ ಬಂದದ್ದು. ಎರಡೂ ತಂಡಗಳ ಲೆಕ್ಕದಲ್ಲಿ ಅದು ಹರಿಯುವ ಹೊತ್ತಿಗೆ ಡೈನೋಸಾರ್‌ಗಳು ಆಗಲೇ ಸತ್ತಿದ್ದವು.